ಸುಣ್ಣದ ಕೇಡು

ದೇವರು ಕೊಟ್ಟ ದಿನಗಳಲ್ಲಿ ಒಂದೊಂದಕ್ಕೂ ಒಂದೊಂದು ಕೆಲಸವಿದೆ. ನಮ್ಮ ದ್ವೀಪದಲ್ಲಿ ಈಸ್ಟರಿಗೆ ಮುಂಚಿನ ದೊಡ್ಡ ವಾರದ ಮಂಗಳವಾರ ಸುಣ್ಣದ ದಿನ. ಅವತ್ತು ಮೇಲಿನ ಊರಿನ ಹೆಂಗಸರು ತಲೆಗೆ ಬಟ್ಟೆ ಕಟ್ಟಿಕೊಂಡು ಗೋಡೆ, ಮೆಟ್ಟಿಲು, ಬೀದಿಯ ಚಪ್ಪಡಿಗಳ ಅಂಚು ಎಲ್ಲವನ್ನೂ ಬೆಳ್ಳಗೆ ಮಾಡುತ್ತಾರೆ. ಶುಕ್ರವಾರ ಹೂವಿನಿಂದ ಮುಚ್ಚಿದ ಕ್ರಿಸ್ತನ ಶವಮಂಚ ಆ ಬೀದಿಗಳಲ್ಲಿ ಹೋಗುತ್ತದೆ. ದಾರಿಯಲ್ಲಿ ಸುಣ್ಣ ಕಾಣದ ಗೋಡೆ ಇದ್ದರೆ ಆ ಮನೆಯಲ್ಲಿ ಆ ವರ್ಷ ಸಾವಾಗಿದೆ ಎಂದು ಅರ್ಥ. ಸಾವಿನ ಮನೆಗೆ ಮಾತ್ರ ಸುಣ್ಣವಿಲ್ಲ.

ಅನೇಜಾಗೆ ಆಗ ಎಪ್ಪತ್ತೊಂಬತ್ತು. ಮಂಗಳವಾರ ಮಧ್ಯಾಹ್ನ ಮಗ ಸ್ತಮಾತಿಸ್ ಊಟಕ್ಕೆ ಬಂದಾಗ ಅವಳ ಮೊಣಕೈವರೆಗೂ ಸುಣ್ಣ ಒಣಗಿ ಬಿರುಕು ಬಿಟ್ಟಿತ್ತು. ಸೊಸೆ ಅರ್ಗಿರೋ ಎಣ್ಣೆಯಿಲ್ಲದ ಉಪವಾಸದ ಬೇಳೆ ಸಾರು, ಆಲಿವ್ ಕಾಯಿ, ರೊಟ್ಟಿ ತಂದಿಟ್ಟಳು.

"ಎಲ್ಲೆಲ್ಲಿ ಬಳಿದೆ ಅಮ್ಮ?" ಸ್ತಮಾತಿಸ್ ರೊಟ್ಟಿ ಮುರಿಯುತ್ತ ಕೇಳಿದ.

"ನಮ್ಮನೆ. ಮೆಟ್ಟಿಲು. ಚರ್ಚಿನ ಕಟ್ಟೆ." ಅನೇಜಾ ಒಂದು ಆಲಿವ್ ಬಾಯಿಗೆ ಹಾಕಿಕೊಂಡಳು. "ಆಮೇಲೆ ಮರೂಲಿಯಾ ಗೋಡೆ."

ಸ್ತಮಾತಿಸ್ ಚಮಚ ಕೆಳಗಿಟ್ಟ.

"ಯಾವ ಗೋಡೆ?"

"ಕಿವಿ ಕೇಳ್ಸಲ್ವಾ? ಮರೂಲಿಯಾ ಗೋಡೆ. ಬೀದಿ ಕಡೇದು."

"ಎಷ್ಟು ಸಲ ಬಳಿದೆ?"

"ಮೂರು. ಕಲ್ಲು ಕುಡೀತಾನೇ ಇತ್ತು, ಬಾಯಾರಿದ ಕತ್ತೆ ಥರ."

ಅವನು ಎದ್ದು ಹೊರಗೆ ಹೋದ. ಅರ್ಗಿರೋ ಅತ್ತೆಯನ್ನೇ ನೋಡಿದಳು. "ನಮ್ಮ ಗೋಡೆಗಳು ಸಾಲಲಿಲ್ವಾ ಅತ್ತೆ?" ಎಂದಳು. ಅನೇಜಾ ಸಾರಿಗೆ ರೊಟ್ಟಿ ಅದ್ದಿದಳು.

ಮರೂಲಿಯಾ ಸತ್ತು ನಾಲ್ಕು ವರ್ಷವಾಗಿತ್ತು. ಅವಳೂ ಅನೇಜಾಳೂ ಐವತ್ತು ವರ್ಷ ಪಕ್ಕದ ಮನೆಯವರು. ಒಂದೇ ಗುಂಡಿಯಲ್ಲಿ ಸುಣ್ಣ ಕಲಸಿ ಹಂಚಿಕೊಂಡವರು. ಸಾಯುವ ಮುಂಚೆ ಮರೂಲಿಯಾ ಕೈ ಹಿಡಿದು, ದೊಡ್ಡ ವಾರದಲ್ಲಿ ನನ್ನ ಗೋಡೆ ಬರಿದಾಗಿ ನಿಲ್ಲದ ಹಾಗೆ ನೋಡ್ಕೋ ಎಂದಿದ್ದಳು. ಅನೇಜಾ ಮೂರು ವರ್ಷ ನೋಡಿಕೊಂಡಿದ್ದಳು. ಮನೆಯಲ್ಲಿ ಯಾರೂ ಇರಲಿಲ್ಲ, ಕೇಳುವವರೂ ಇರಲಿಲ್ಲ. ಹೋದ ಬೇಸಿಗೆಯಲ್ಲಿ ಮರೂಲಿಯಾಳ ತಂಗಿಯ ಮಕ್ಕಳು ಅದನ್ನು ಅಥೆನ್ಸಿನ ಹಲ್ಲಿನ ಡಾಕ್ಟರೊಬ್ಬಳಿಗೆ ಮಾರಿದರು. ಅವಳ ಹೆಸರು ವೆರ್ಗೊಪೂಲು. ಅವಳಿಗೆ ಸುಣ್ಣ ಬೇಡವಾಗಿತ್ತು, ಕಲ್ಲು ಕಾಣಬೇಕಿತ್ತು. ಚಳಿಗಾಲದ ಮೂರು ತಿಂಗಳು ಆ ಗೋಡೆಯ ಮುಂದೆ ನಿಂತು, ಬೆರಳು ದಪ್ಪದ ಹಳೆಯ ಸುಣ್ಣವನ್ನು ಉಳಿಯಿಂದ ಕೆತ್ತಿ ಕೆತ್ತಿ ತೆಗೆದು, ಕಲ್ಲುಗಳ ಸಂದಿಗೆ ಮಣ್ಣಿನ ಬಣ್ಣದ ಗಾರೆ ತುಂಬಿದವನು ಸ್ತಮಾತಿಸ್. ಅವನು ಗಾರೆ ಕೆಲಸದವನು. ಐವತ್ತೆರಡು ವರ್ಷದ ಬಾಳಿನಲ್ಲಿ ಅಷ್ಟು ಚೆನ್ನಾದ ಕೆಲಸ ತಾನು ಮಾಡಿರಲಿಲ್ಲ ಎಂದು ಅವನು ಹೆಂಡತಿಗೆ ಒಂದು ಸಲ ಹೇಳಿದ್ದ. ತಾಯಿಗೆ ಹೇಳಿರಲಿಲ್ಲ.

ಅವನು ತಿರುಗಿ ಬಂದಾಗ ಸಾರು ಆರಿಹೋಗಿತ್ತು. ಕೈಯೆಲ್ಲ ಬೆಳ್ಳಗಾಗಿತ್ತು, ಉಜ್ಜಿ ನೋಡಿದ್ದನೇನೋ.

"ಸಂದಿಗೆಲ್ಲ ಇಳಿದಿದೆ," ಎಂದ. "ಕಲ್ಲನ್ನ ಸುಣ್ಣ ಇಲ್ದೆ ಹಾಗೇ ಬಿಡ್ತಾರೆ ಅಂತ ನಿನಗೆ ಹೇಳಿದ್ದೆ ತಾನೇ?"

"ಹೇಳಿದ್ದೆ. ದೊಡ್ಡ ವಾರದಲ್ಲೂ ಬಿಡ್ತಾರಾ ಅಂತ ನಾನು ಕೇಳ್ದೆ. ನೋಡೋಣ ಅಂದೆ ನೀನು."

"ನಿನ್ನ ಬಾಯಿ ಮುಚ್ಸೋಕೆ ಅಂದೆ!"

"ಕ್ರಿಸ್ತ ಹಾದುಹೋಗೋ ದಾರೀಲಿ ಸಾವಿನ ಮನೆ ಥರ ನಿಂತಿತ್ತು. ಈ ವರ್ಷ ಯಾರೂ ಸತ್ತಿಲ್ಲ ಅಲ್ಲಿ."

"ನನ್ನ ಮೂರು ತಿಂಗಳು ಸತ್ತುಹೋಯ್ತು," ಎಂದು ಸ್ತಮಾತಿಸ್ ಮಲಗುವ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡ. ಅವನ ತಟ್ಟೆಯ ಸಾರನ್ನು ಅರ್ಗಿರೋ ಮತ್ತೆ ಪಾತ್ರೆಗೆ ಸುರಿದಳು.

ಗುರುವಾರ ಬೆಳಗಿನ ಹಡಗಿಗೆ ಡಾಕ್ಟರಮ್ಮ ಹಬ್ಬಕ್ಕೆಂದು ಬಂದಿಳಿದಳು. ಅರ್ಗಿರೋ ಮೊಟ್ಟೆಗಳಿಗೆ ಕೆಂಪು ಬಣ್ಣ ಹಾಕುತ್ತಿದ್ದಳು. ಅನೇಜಾ ಹಬ್ಬದ ರೊಟ್ಟಿಗೆ ಹಿಟ್ಟು ನಾದುತ್ತಿದ್ದಳು. ಬೀದಿಯಿಂದ ಕೂಗಾಟ ಕೇಳಿಸಿತು. ಆಮೇಲೆ ಸದ್ದಿಲ್ಲ. ಒಂದು ತಾಸಿನ ಮೇಲೆ ಠಾಣೆಯ ಹವಾಲ್ದಾರ ಮಾಂಥೊಸ್ ಟೋಪಿ ಕೈಯಲ್ಲಿ ಹಿಡಿದು ಬಾಗಿಲಲ್ಲಿ ನಿಂತ. ಅವನು ಹೊರಗಿನವನಾದರೂ ಈ ಮನೆಯ ಬಿಸ್ಕತ್ತು ತಿಂದವನು.

"ಒಳಗೆ ಬಾರಪ್ಪ," ಎಂದಳು ಅನೇಜಾ. "ಬಿಸ್ಕತ್ತು ಇನ್ನೂ ಒಲೇಲಿದೆ. ಉಪವಾಸ ಮುಗಿಯೋ ಶನಿವಾರದವರೆಗೆ ಮುಟ್ಟೋ ಹಾಗಿಲ್ಲ, ಬೆಣ್ಣೆ ಇದೆ."

"ತಿನ್ನೋಕೆ ಬಂದಿಲ್ಲಮ್ಮ." ಅವನು ಕಾಗದ ಬಿಡಿಸಿದ. "ಡಾಕ್ಟರಮ್ಮ ದೂರು ಕೊಟ್ಟಿದ್ದಾರೆ. ನಾನು ಓದ್ಲೇಬೇಕು. ಬೈಬೇಡಿ."

ಓದಿದ. ಅನೇಜಾ ಎಂಬಾಕೆ ಬೇಕೆಂದೇ ಪರರ ಸ್ವತ್ತಿಗೆ ಕೇಡು ಮಾಡಿದ ಅಪರಾಧ ಎಂಬ ಸಾಲಿಗೆ ಬಂದಾಗ ಹಿಟ್ಟಿನೊಳಗೆ ಅನೇಜಾಳ ಕೈ ನಿಂತಿತು.

"ಏನಂದೆ? ಏನು ಮಾಡಿದೆ ಅಂದೆ ನಾನು?"

"ಕೇಡು, ಅಮ್ಮ. ಕಾಯಿದೇಲಿ ಹಂಗೇ ಇರೋದು. ಗಾಜು ಒಡೆದ್ರೂ ಅದೇ, ಗೋಡೆ ಮೇಲೆ ಗೀಚಿದ್ರೂ ಅದೇ."

ಅವಳು ಕುರ್ಚಿಯ ಮೇಲೆ ಕೂತಳು. ಅದು ಅವಳಿಗೆ ಕೋರ್ಟಿನ ಮಾತಲ್ಲ, ಚರ್ಚಿನ ಮಾತು. ಗೋರಿಯಲ್ಲಿ ಮೂರು ದಿನವಿದ್ದರೂ ಕ್ರಿಸ್ತನ ದೇಹಕ್ಕೆ ಕೇಡು ತಟ್ಟಲಿಲ್ಲ ಎಂದು ಹಾಡುವ ವಾರ ಅದು. ಕೇಡೆಂದರೆ ಕೊಳೆಯುವುದು, ಹುಳ ಬೀಳುವುದು, ಮಣ್ಣಾಗುವುದು. ಅವಳಿಗೆ ತಿಳಿದಂತೆ ಸುಣ್ಣ ಕೇಡನ್ನು ತಡೆಯುವ ವಸ್ತು. ಅದಕ್ಕೇ ಅದನ್ನು ಬಾವಿಯ ಬಾಯಿಗೆ, ಮರದ ಬುಡಕ್ಕೆ, ಸಮಾಧಿಗೆ ಬಳಿಯುತ್ತಾರೆ.

"ನಾನು ಬೆಳ್ಳಗೆ ಮಾಡ್ದೆ. ಕೇಡು ಮಾಡ್ಲಿಲ್ಲ. ಹಂಗೆ ಬರ್ಕೋ," ಎಂದಳು.

"ಹಂಗೆ ಬರೆಯೋಕೆ ಜಾಗ ಇಲ್ಲಮ್ಮ ಇದರಲ್ಲಿ," ಎಂದ ಮಾಂಥೊಸ್.

ಶುಕ್ರವಾರ ಶವಮಂಚ ಬೆಳ್ಳಗಿದ್ದ ಗೋಡೆಯ ಮುಂದೆ ಹಾದುಹೋಯಿತು. ಅನೇಜಾ ಮೇಣದಬತ್ತಿ ಹಿಡಿದು ಹಿಂದೆ ನಡೆದಳು. ಆ ಗೋಡೆಯ ಕಡೆಗೆ ಕಣ್ಣೆತ್ತಲಿಲ್ಲ.

ಭಾನುವಾರ ಆಡಿನ ಮರಿಯ ಮಾಂಸ ಒಲೆಯಿಂದ ಇಳಿಯಿತು. ಕೆಂಪು ಮೊಟ್ಟೆಗಳನ್ನು ಒಂದಕ್ಕೊಂದು ಕುಟ್ಟುವ ಆಟಕ್ಕೆ ಯಾರೂ ಕೈ ಹಾಕಲಿಲ್ಲ. ಬಂದರಿನ ಟಿಕೇಟು ಕೌಂಟರಿನಲ್ಲಿ ಕೆಲಸ ಮಾಡುವ ಮೊಮ್ಮಗಳು ರೊದಾಂಥಿ ರಜೆಗೆ ಮನೆಯಲ್ಲಿದ್ದಳು. ಮನೆಯಲ್ಲಿ ಕಾಗದಪತ್ರ ಓದಿ ತಿಳಿಯುವವಳು ಅವಳೊಬ್ಬಳೇ.

"ವಕೀಲರ ಹತ್ರ ಮಾತಾಡ್ದೆ," ಎಂದಳು. "ಗೋಡೆ ಮೊದಲಿನ ಹಾಗೆ ಆಗಬೇಕು. ಅಜ್ಜಿ ತಪ್ಪಾಯ್ತು ಅಂತ ಬರೆದುಕೊಡಬೇಕು. ಆಗ ಡಾಕ್ಟರಮ್ಮ ದೂರು ವಾಪಸ್ ತಗೋತಾರೆ, ಕೇಸು ಅಲ್ಲಿಗೇ ನಿಲ್ಲುತ್ತೆ. ಇಲ್ಲಾಂದ್ರೆ ಜೂನಲ್ಲಿ ದೊಡ್ಡ ದ್ವೀಪದ ಕೋರ್ಟಿಗೆ ಹೋಗ್ಬೇಕು."

"ಹೋದ್ರೆ?"

"ಜೈಲೇನಿಲ್ಲ ಅಜ್ಜಿ. ಆದ್ರೆ ಅಪರಾಧಿ ಅಂತ ದಾಖಲಾಗುತ್ತೆ. ಈಗ ನಿನ್ನ ದಾಖಲೆ ಬಿಳಿ. ಏನೂ ತಪ್ಪು ಮಾಡದವರ ದಾಖಲೆಗೆ ಬಿಳಿ ಅಂತಾನೇ ಹೇಳೋದು."

"ಬಿಳಿ ಮಾಡಿದ್ದಕ್ಕೆ ಅದು ಕಪ್ಪಾಗುತ್ತಾ?"

ರೊದಾಂಥಿ ನಕ್ಕಳು. ಬೇರೆ ಯಾರೂ ನಗದಿದ್ದುದನ್ನು ನೋಡಿ ಸುಮ್ಮನಾದಳು.

"ಇನ್ನೊಂದು ದಾರಿ ಇದೆ," ಎಂದಳು ಮೆಲ್ಲಗೆ. "ಬೇಕೆಂದೇ ಮಾಡಿದ್ರೆ ಮಾತ್ರ ಅಪರಾಧ. ವಯಸ್ಸಾಗಿದೆ, ಮರೆವು, ಯಾರ ಗೋಡೆ ಅಂತ ತಿಳೀಲಿಲ್ಲ ಅಂತ ಹೇಳಿದ್ರೆ..."

"ಅದೇ ಹೇಳೋಣ," ಎಂದಳು ಅರ್ಗಿರೋ ತಕ್ಷಣ. "ಏನಾಗುತ್ತೆ? ನಾಲ್ಕು ಜನ ಅಯ್ಯೋ ಪಾಪ ಅಂತಾರೆ, ಅಷ್ಟೇ."

ಅನೇಜಾ ಸೊಸೆಯ ಕಡೆ ತಿರುಗಿದಳು. "ನಿನ್ನ ಮದುವೆ ದಿನ ಮಂಗಳವಾರ ಬೀಳ್ತಿತ್ತು, ಶನಿವಾರಕ್ಕೆ ಹಾಕ್ಸಿದ್ದು ನಾನು. ನಿಮ್ಮಪ್ಪ ಕೊಟ್ಟ ಆಡುಗಳಲ್ಲಿ ಒಂದರ ಕೊಂಬು ಮುರಿದಿತ್ತು. ಮರೆವಂತೆ ನನಗೆ!"

"ಆ ಕೊಂಬನ್ನ ಮೂವತ್ತು ವರ್ಷದಿಂದ ನನ್ನ ತಲೆ ಮೇಲೇ ಇಟ್ಟಿದ್ದೀರಿ!"

"ಸಾಕು ಮಾಡಿ ಇಬ್ಬರೂ," ಎಂದ ಸ್ತಮಾತಿಸ್. ತಟ್ಟೆಯ ಮೂಳೆಯನ್ನು ಪಕ್ಕಕ್ಕೆ ಸರಿಸಿ ಹೇಳಿದ: "ಅಮ್ಮ, ಮರೆವು ಅಂತ ಹೇಳಿಬಿಡು. ನಿನ್ನ ಕಾಲು ಹಿಡೀತೀನಿ. ನನಗೆ ದಣಿವಾಗಿದೆ."

ಮಗನ ಬಾಯಿಂದ ಆ ಮಾತು ಬಂದದ್ದು ಅವಳಿಗೆ ತಾಗಿತು. ತಟ್ಟೆ ತೆಗೆದುಕೊಂಡು ಎದ್ದಳು.

"ಗೋಡೆ ಕೆರೆಯೋದಾದ್ರೆ ಕೆರೀತೀನಿ. ಹುಚ್ಚಿ ಅಂತ ಹೇಳ್ಕೊಳಲ್ಲ. ಕೇಡು ಮಾಡ್ದೆ ಅಂತ್ಲೂ ಬರೆಯಲ್ಲ. ದೇವರ ಮುಂದೆ ನಿಲ್ಲೋ ವಯಸ್ಸು ನನ್ನದು, ಅಲ್ಲಿ ಯಾವ ಕಾಗದ ತೋರಿಸ್ಲಿ?"

ಈಸ್ಟರಿನ ಮರುವಾರ ಕೆರೆಯುವುದು ಶುರುವಾಯಿತು. ಸ್ತಮಾತಿಸ್ ಹಗಲೆಲ್ಲ ಬಂದರಿನಲ್ಲಿ ಯಾರದೋ ಅಂಗಡಿ ಕಟ್ಟಿ, ಸಂಜೆ ಬೆಳಕಿರುವಷ್ಟು ಹೊತ್ತು ಗೋಡೆಯ ಮುಂದೆ ನಿಲ್ಲುತ್ತಿದ್ದ. ಅನೇಜಾ ಬೆಳಗ್ಗೆ ಹೋಗುತ್ತಿದ್ದಳು, ಚಿಕ್ಕ ಸ್ಟೂಲು, ತಂತಿ ಬ್ರಷ್ಷು, ವಿನೆಗರ್ ಬೆರೆಸಿದ ನೀರಿನ ಬಕೆಟ್ಟು ಹಿಡಿದು. ತಾಯಿ ಕೆಳಗಿನ ಸಾಲು, ಮಗ ಮೇಲಿನ ಸಾಲು. ಇಬ್ಬರೂ ಒಟ್ಟಿಗೆ ಇರುತ್ತಿರಲಿಲ್ಲ. ದಾರಿಹೋಕರು ನಿಂತು ಮಾತಾಡಿಸುತ್ತಿದ್ದರು.

"ಏನಮ್ಮ ಅನೇಜಾ, ಈ ವರ್ಷ ಹಬ್ಬ ಹಿಂದುಮುಂದಾಯ್ತಾ?"

"ನಿನ್ನ ಹಲ್ಲಿಗೂ ಒಂದ್ಸಲ ಬ್ರಷ್ಷು ಹಾಕ್ಲಾ? ಬಾ ಇಲ್ಲಿ," ಎನ್ನುತ್ತಿದ್ದಳು ಅನೇಜಾ.

ಮನೆಯಲ್ಲಿ ಮಾತು ಕಡಿಮೆಯಾಗುತ್ತ ಬಂತು. ಬ್ರಷ್ಷು ಹಿಡಿದು ಅತ್ತೆಯ ಬೆರಳು ಬಿರಿದಿದ್ದವು. ಪಾತ್ರೆ ತೊಳೆಯಲು ಆಗದು. ಆಡುಗಳ ಹಾಲು ಕರೆಯುವುದು, ಚೀಸಿಗೆ ಹೆಪ್ಪು ಹಾಕುವುದು, ಬಟ್ಟೆ, ಒಲೆ ಎಲ್ಲ ಅರ್ಗಿರೋ ಮೇಲೆ ಬಿತ್ತು. ಅವಳು ಕಡಲೆ ಬೇಯಿಸಿಟ್ಟು, ಯಾರು ಯಾವಾಗ ಬಂದರೂ ಬಡಿಸಿ, ಮತ್ತೆ ಮುಚ್ಚಿಡುತ್ತಿದ್ದಳು. ಒಂದು ದಿನ ಹಾಲು ಉಕ್ಕಿ ಒಲೆ ಆರಿಹೋಯಿತು. ಅವಳು ನೆಲದ ಮೇಲೆ ಕೂತುಬಿಟ್ಟಳು.

"ಒಂದು ಪದ," ಎಂದಳು ಅತ್ತೆಗೆ. "ಒಂದು ಪದ ಬರೆದುಕೊಟ್ರೆ ನಾವೆಲ್ಲ ಮಲ್ಕೋಬಹುದು. ನಿಮ್ಮ ಮಗನ ಬೆನ್ನು ನೋಡಿದ್ದೀರಾ? ನಾನು ಎಣ್ಣೆ ತಿಕ್ಕಿ ತಿಕ್ಕಿ ಸಾಕಾಯ್ತು."

"ಆ ಪದ ಸುಳ್ಳು, ಅರ್ಗಿರೋ."

"ಸುಳ್ಳಾದ್ರೆ ಅವರು ಅಲ್ಲಿ ಏನು ಕೆರೀತಿದ್ದಾರೆ?"

ಅನೇಜಾ ಬಟ್ಟೆ ತಂದು ಒಲೆ ಒರೆಸಿದಳು, ಬಿರಿದ ಕೈಯಲ್ಲೇ.

ಮೇ ತಿಂಗಳ ಮಧ್ಯದ ಹೊತ್ತಿಗೆ ಕೆಳಗಿನ ಎಂಟು ಸಾಲು ಕಲ್ಲು ಹೊರಬಂದಿತ್ತು. ಬೆಳಗ್ಗೆ ಒಂದು ದಿನ ಅನೇಜಾ ನೀರು ಸುರಿದು ಉಜ್ಜಿದಾಗ ಕಲ್ಲು ಒದ್ದೆಯಾಗಿ ಬಣ್ಣ ತೋರಿಸಿತು. ಒಂದು ಹಸಿರು, ಪಕ್ಕದ್ದು ತುಕ್ಕಿನಂತೆ ಕೆಂಪು, ಅದರ ಮೇಲೆ ಬೂದಿ ಬಣ್ಣದ ಉದ್ದನೆಯದು. ಅರವತ್ತು ವರ್ಷ ಆ ಬೀದಿಯಲ್ಲಿ ಓಡಾಡಿದವಳು ಅವನ್ನು ಒಮ್ಮೆಯೂ ಕಂಡಿರಲಿಲ್ಲ. ಚಳಿಗಾಲದಲ್ಲಿ ಮಗ ಕೆತ್ತುವಾಗಲೂ ಅವಳು ಮುಖ ತಿರುಗಿಸಿಕೊಂಡೇ ಹೋಗಿದ್ದಳು. ಈಗ ಕಣ್ಣು ಹತ್ತಿರ ಇಟ್ಟು ನೋಡಿದಳು. ಸಂದಿಗಳಲ್ಲಿ ಗಾರೆ ಒಂದೇ ಸಮ ಒಳಗೆ ಸರಿದಿತ್ತು. ಕಲ್ಲು ಕಿರಿದಾದಲ್ಲಿ ಬೆರಳುಗುರಿನಷ್ಟು ಚಿಕ್ಕ ಚಕ್ಕೆಗಳನ್ನು ಆರಿಸಿ ಸೇರಿಸಿದ್ದ. ಅದರ ಮೇಲೆಲ್ಲ ಬಿಳಿ ಇಳಿದು, ಹಾಲು ಚೆಲ್ಲಿದ ಹಾಗೆ ಕಲೆಯಾಗಿತ್ತು. ಕಲ್ಲಿನಿಂದ ಸುಣ್ಣ ಹೋಗುತ್ತದೆ. ಗಾರೆಯಿಂದ ಹೋಗುವುದಿಲ್ಲ. ಆ ಸಂದಿಗಳನ್ನು ಕೆದಕಿ ತೆಗೆದು ಮತ್ತೆ ತುಂಬಬೇಕು, ಒಂದೊಂದನ್ನೂ.

ಡಾಕ್ಟರಮ್ಮ ಅಥೆನ್ಸಿನಿಂದ ಅವತ್ತು ಬಂದಿದ್ದಳು. ಬಾಗಿಲು ತೆರೆದು ಒಂದು ಲೋಟ ನೀರು ತಂದು ಕೊಟ್ಟಳು. ಕೂದಲು ನರೆತ, ದನಿ ಒಣಗಿದ ಹೆಂಗಸು.

"ನಿಮ್ಮನ್ನ ಕೋರ್ಟಿಗೆ ಎಳೆಯೋ ಆಸೆ ನನಗಿಲ್ಲಮ್ಮ," ಎಂದಳು. "ಆದರೆ ಊರಲ್ಲಿ ಯಾರನ್ನು ಕೇಳಿದ್ರೂ ಮರೂಲಿಯಾ ಮನೆ, ಮರೂಲಿಯಾ ಬಾಗಿಲು. ಮೂವತ್ತು ವರ್ಷ ಪರರ ಬಾಯೊಳಗೆ ಇಣುಕಿ ತಗೊಂಡ ಮನೆ ಇದು. ನೀವು ನನ್ನನ್ನ ಒಂದು ಮಾತು ಕೇಳಬಹುದಿತ್ತು."

"ಕೇಳಿದ್ರೆ ಬೇಡ ಅಂತಿದ್ದೆ ನೀನು."

"ಹೌದು. ಅಂತಿದ್ದೆ."

ಅನೇಜಾ ನೀರು ಕುಡಿದು ಲೋಟ ಹಿಂದಕ್ಕೆ ಕೊಟ್ಟಳು. "ಅದಕ್ಕೇ ಕೇಳ್ಲಿಲ್ಲ," ಎಂದಳು. ಹೇಳಿದ ಮೇಲೆ ತನ್ನ ಮಾತು ತನಗೇ ಕೇಳಿಸಿದಂತಾಗಿ ಬ್ರಷ್ಷು ಬಕೆಟ್ಟಿನಲ್ಲಿ ಬಿಟ್ಟು ಕೂತಳು.

ಮುಂದಿನ ಭಾನುವಾರ ಪೂಜೆ ಮುಗಿದು ಎಲ್ಲರೂ ಪ್ರಸಾದದ ರೊಟ್ಟಿ ತೆಗೆದುಕೊಂಡು ಹೊರಟರು. ತಪ್ಪು ಮನಸ್ಸಿನಲ್ಲಿಟ್ಟುಕೊಂಡು ಅದನ್ನು ಮುಟ್ಟಬಾರದೆಂದು ಅನೇಜಾ ತೆಗೆದುಕೊಳ್ಳದೆ ಹೊರಬಂದಳು. ಅರ್ಗಿರೋ ಅದನ್ನು ನೋಡಿದಳು.

ಸೋಮವಾರ ಬೆಳಗ್ಗೆ ಅನೇಜಾ ಒಳ್ಳೆಯ ಕಪ್ಪು ಬಟ್ಟೆ ಉಟ್ಟು, "ಠಾಣೆಗೆ ಹೋಗ್ಬೇಕು, ನನ್ನ ಜೊತೆ ಬಾ," ಎಂದು ಸೊಸೆಯನ್ನು ಕರೆದಳು. "ಸ್ತಮಾತಿಸ್‌ಗೆ ಹೇಳ್ಬೇಡ."

ಮಾಂಥೊಸ್ ಡಾಕ್ಟರಮ್ಮನನ್ನೂ ಕರೆಸಿದ. ಕಾಗದ ಮುಂದಿಟ್ಟುಕೊಂಡು ಪೆನ್ನು ತೆಗೆದ. ಅನೇಜಾ ಎದ್ದುನಿಂತೇ ಹೇಳಿದಳು.

"ಬರ್ಕೋ. ಗೋಡೆ ಡಾಕ್ಟರಮ್ಮಂದು. ಅದು ನನಗೆ ಗೊತ್ತಿತ್ತು. ಮರೆವಿಲ್ಲ ನನಗೆ. ಸತ್ತವಳ ಮಾತು ಕೇಳ್ದೆ, ಬದುಕಿರೋಳ್ನ ಕೇಳ್ಲಿಲ್ಲ. ಅವಳ ಸ್ವತ್ತಿಗೆ ಕೇಡು ಮಾಡ್ದೆ."

ಅರ್ಗಿರೋ ತಲೆಯೆತ್ತಿ ಅತ್ತೆಯ ಮುಖ ನೋಡಿದಳು. ಮಾಂಥೊಸ್ ಬರೆದು ಚುಕ್ಕಿ ಇಟ್ಟ.

"ಸಾಕಮ್ಮ. ಇಷ್ಟೇ ಬೇಕಾಗಿದ್ದು."

"ಮುಗಿದಿಲ್ಲ. ನನ್ನ ಮಗ ಸ್ತಮಾತಿಸ್ ಮೂರು ತಿಂಗಳು ಮಾಡಿದ ಕೆಲಸಕ್ಕೂ ಕೇಡು ಮಾಡ್ದೆ. ನೋಡದೇನೇ ಮಾಡ್ದೆ. ಅದನ್ನೂ ಬರಿ."

"ಅದು ಅಪರಾಧ ಅಲ್ಲಮ್ಮ. ಅವನು ದೂರು ಕೊಟ್ಟಿಲ್ಲ. ಮಾಡಿದ ಕೆಲಸ ಅಂದ್ರೆ ಸ್ವತ್ತಲ್ಲ, ಗೋಡೆ ಮಾತ್ರ ಸ್ವತ್ತು."

"ಗೋಡೆ ಕಲ್ಲು ದೇವರದು. ಕೆಲಸ ಅವನದಲ್ದೆ ಇನ್ಯಾರದಪ್ಪ? ಬರಿ."

"ಕಾಯಿದೇಲಿ ಅದಕ್ಕೆ ಜಾಗ ಇಲ್ಲ!"

"ಕಾಗದದ ಅಂಚಲ್ಲಿ ಇದೆಯಲ್ಲ, ಇಷ್ಟಗಲ!" ಅವಳು ಬಿರಿದ ಬೆರಳಿಟ್ಟು ತೋರಿಸಿದಳು.

ಮಾಂಥೊಸ್ ಡಾಕ್ಟರಮ್ಮನ ಕಡೆ ನೋಡಿದ. "ಬರೀರಿ," ಎಂದಳು ಅವಳು. ಅವನು ಕಾಗದ ಅಡ್ಡ ತಿರುಗಿಸಿ ಅಂಚಿನಲ್ಲಿ ಸಣ್ಣ ಅಕ್ಷರದಲ್ಲಿ ಬರೆದ. ಅನೇಜಾ ಎರಡು ಕಡೆ ಸಹಿ ಹಾಕಿದಳು. ಡಾಕ್ಟರಮ್ಮ ದೂರು ಹಿಂದಕ್ಕೆ ಪಡೆಯುವ ಕಾಗದಕ್ಕೆ ಸಹಿ ಹಾಕಿದಳು. ದಾರಿಯಲ್ಲಿ ಏರು ಹತ್ತುವಾಗ ಅರ್ಗಿರೋ ಅತ್ತೆಯ ತೋಳು ಹಿಡಿದುಕೊಂಡಳು, ಅತ್ತೆ ಬಿಡಿಸಿಕೊಳ್ಳಲಿಲ್ಲ.

ಮಧ್ಯಾಹ್ನ ಮೇಜಿನ ಮೇಲೆ ಒಲೆಯಲ್ಲಿ ಬೇಯಿಸಿದ ಕಡಲೆ, ಈರುಳ್ಳಿ, ಹಸಿ ಚೀಸು. ಸ್ತಮಾತಿಸ್ ಕೈತೊಳೆದು ಕೂತ. ಅರ್ಗಿರೋ ಕಾಗದದ ಪ್ರತಿಯನ್ನು ಅವನ ತಟ್ಟೆಯ ಪಕ್ಕದಲ್ಲಿಟ್ಟಳು.

"ಮುಗೀತು," ಎಂದಳು.

ಅವನು ನಿಧಾನವಾಗಿ ಓದಿದ. ಕೆಳಗಿನವರೆಗೆ ಬಂದು ಉಸಿರು ಬಿಟ್ಟ. "ಬರೆದುಕೊಟ್ಟಳಾ?" ಎಂದು ತಾಯಿಯನ್ನು ನೋಡದೆ ಹೆಂಡತಿಯನ್ನು ಕೇಳಿದ. ಆಮೇಲೆ, "ಅಂಚಲ್ಲಿ ಏನಿದು ಇರುವೆ ಸಾಲಿನ ಹಾಗೆ?"

"ತಿರುಗಿಸಿ ಓದು," ಎಂದಳು ಅನೇಜಾ.

ಅವನು ಕಾಗದ ತಿರುಗಿಸಿದ. ಬೆರಳಿಟ್ಟು ಒಂದೊಂದೇ ಪದ ಓದಿದ. ಆಮೇಲೆ ನಾಲ್ಕಾಗಿ ಮಡಿಸಿ ಅಂಗಿಯ ಜೇಬಿಗೆ ಹಾಕಿಕೊಂಡು ಕಡಲೆ ತಿನ್ನತೊಡಗಿದ. ತಟ್ಟೆ ಮುಗಿಯುವ ಹೊತ್ತಿಗೆ ಕೊನೆಯ ರೊಟ್ಟಿ ತುಂಡಿನಿಂದ ಎಣ್ಣೆ ಒರೆಸುತ್ತ ಹೇಳಿದ:

"ನಾಳೆಯಿಂದ ಸಂದಿ ತುಂಬಬೇಕು. ಬೆಳಗ್ಗೆ ಗಾರೆ ಕಲಸಿಡೋಕೆ ಒಬ್ಬರು ಬೇಕು."

"ನಾನು ಬರ್ತೀನಿ," ಎಂದಳು ಅನೇಜಾ.

"ಬಾ. ಮರಳು ಜರಡಿ ಹಿಡಿ, ಮಣ್ಣು ಹಾಕು, ನೀರು ಹಾಕು." ಅವನು ಮೊದಲ ಬಾರಿಗೆ ತಾಯಿಯ ಮುಖ ನೋಡಿದ. "ಸುಣ್ಣ ಮಾತ್ರ ನಾನು ಬಂದು ಹಾಕ್ತೀನಿ. ನೀನು ಅದರ ಮೂಟೆ ಕಡೆ ತಿರುಗಿಯೂ ನೋಡ್ಬೇಡ."

ಅರ್ಗಿರೋಗೆ ನಗು ತಡೆಯಲಾಗಲಿಲ್ಲ. ನಗುತ್ತ ನಗುತ್ತ ಕಣ್ಣೊರೆಸಿಕೊಂಡಳು. ಅನೇಜಾ ಮುಖ ಸಿಂಡರಿಸಿ, ಕಡಲೆ ಪಾತ್ರೆಯನ್ನು ಮಗನ ಕಡೆ ತಳ್ಳಿ, "ತಿನ್ನು, ತಿನ್ನು, ನಾಳೆ ನಿಂತ್ಕೋಬೇಕು ನೀನು," ಎಂದಳು.